ಕೈಯಲ್ಲಿರುವುದೆಲ್ಲ ನಮ್ಮದಲ್ಲ



ಸಾಯಂಕಾಲ ಎಲೆ ತೂಕ ಮುಗಿದು, ಬುಟ್ಟಿ ಇಳಿಸಿ, ಲೈನಿನ ನಲ್ಲಿಯ ಮುಂದೆ ಕೊಡ ಇಟ್ಟು ಸರದಿ ಕಾಯುವ ಹೊತ್ತಿನಲ್ಲಿ ನಮ್ಮವರು ಏನು ಮಾತಾಡುತ್ತಾರೆ? ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. ಕೂಲಿ, ಬೋನಸ್ಸು, ಮಗಳ ಮದುವೆ, ರಾತ್ರಿ ಆನೆ ಬಂದು ಬಾಳೆ ಮುರಿದ ಸುದ್ದಿ. ಈಗಲೂ ಅವೆಲ್ಲ ಇವೆ. ಅವುಗಳ ನಡುವೆ ಯುಕ್ರೇನ್, ಗಾಜಾ, ಇರಾನ್, ಪಾಕಿಸ್ತಾನ ಕೂಡ ಬಂದು ಕೂತಿವೆ. ಯಾರ ಬಳಿ ಎಷ್ಟು ಕ್ಷಿಪಣಿ ಇದೆ, ಯಾವ ಪ್ರಧಾನಿ ಯಾರಿಗೆ ಹೆದರಿದ ಎಂಬುದೆಲ್ಲ ನಮ್ಮ ಲೈನಿನ ಹುಡುಗರಿಗೆ ಬಾಯಿಪಾಠವಾಗಿದೆ.

ಇದನ್ನು ಕಂಡು ಕೆಲವು ಹಿರಿಯರು ಬೇಸರಪಡುತ್ತಾರೆ. ಎಲೆ ಕೀಳುವವರಿಗೆ ಲೋಕದ ಯುದ್ಧ ಯಾಕಪ್ಪಾ ಎನ್ನುತ್ತಾರೆ. ನಾನು ಅವರ ಪಕ್ಷದವನಲ್ಲ. ಲೋಕದ ಯುದ್ಧ ನಮ್ಮ ತಕ್ಕಡಿಯ ತನಕ ಬರುತ್ತದೆ ಎಂಬುದನ್ನು ನೀಲಗಿರಿಯ ನಾವು ಒಮ್ಮೆ ಅನುಭವಿಸಿ ತಿಳಿದಿದ್ದೇವೆ. ಒಂದು ಕಾಲದಲ್ಲಿ ಭಾರತದ ಚಹಾವನ್ನು ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುತ್ತಿದ್ದದ್ದು ಸೋವಿಯೆತ್ ಒಕ್ಕೂಟ. 1991ರ ಡಿಸೆಂಬರಿನಲ್ಲಿ ಆ ಒಕ್ಕೂಟವೇ ಇಲ್ಲವಾಯಿತು. ಮಾಸ್ಕೋದಲ್ಲಿ ಬಾವುಟ ಇಳಿದದ್ದಕ್ಕೂ ಕೋಟಗಿರಿಯ ಒಂದೆಕರೆ ತೋಟಕ್ಕೂ ಏನು ಸಂಬಂಧ ಎಂದು ಆಗ ಯಾರೂ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ಹಸಿರೆಲೆಯ ಬೆಲೆ ಕುಸಿದು, ಸಣ್ಣ ಬೆಳೆಗಾರರು ರಸ್ತೆಗೆ ಇಳಿದಾಗ ಸಂಬಂಧ ತಿಳಿಯಿತು.

2022ರ ಫೆಬ್ರವರಿ 24ರಂದು ರಷ್ಯಾ ಯುಕ್ರೇನಿನ ಮೇಲೆ ದಾಳಿ ಮಾಡಿದ ಮೇಲೂ ಹಾಗೆಯೇ ಆಯಿತು. ರಷ್ಯಾದ ಹಲವು ಬ್ಯಾಂಕುಗಳಿಗೆ ಲೋಕದ ಹಣ ಸಾಗಿಸುವ ವ್ಯವಸ್ಥೆಯ ಬಾಗಿಲು ಮುಚ್ಚಿತು. ಚಹಾ ಕಳಿಸಿದವರು ಹಣ ಯಾವ ದಾರಿಯಿಂದ ಬರುತ್ತದೆ ಎಂದು ಚಿಂತಿಸಿದರು. ಪೊಟ್ಯಾಷ್ ಗೊಬ್ಬರದ ದೊಡ್ಡ ಪಾಲು ಬರುವುದು ರಷ್ಯಾ, ಬೆಲಾರಸ್ ಕಡೆಯಿಂದ. ಅದರ ಬೆಲೆ ಏರಿತು. 2023ರ ನವೆಂಬರಿನಿಂದ ಯೆಮನಿನ ಹೂತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬೀಳತೊಡಗಿದಾಗ, ಯೂರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಖಂಡವನ್ನೇ ಸುತ್ತಿ ಹೋಗಬೇಕಾಯಿತು. ಹೆಚ್ಚಿನ ಬಾಡಿಗೆಯನ್ನು ಯಾರೋ ಒಬ್ಬರು ಕೊಡಲೇಬೇಕು. ಅದರಲ್ಲಿ ಒಂದಿಷ್ಟು ಕಡೆಗೆ ನಮ್ಮ ತಲೆಯ ಮೇಲೂ ಬರುತ್ತದೆ. ಆದ್ದರಿಂದ ಯುದ್ಧದ ವಿಷಯ ಮಾತಾಡುವುದು ತಪ್ಪಲ್ಲ. ಮಾತಾಡಲೇಬೇಕು.

ನನ್ನ ಪ್ರಶ್ನೆ ಬೇರೆ. ನಾವು ನಲ್ಲಿಯ ಬಳಿ ಗಟ್ಟಿಯಾಗಿ ಹೇಳುವ ಅಭಿಪ್ರಾಯ ನಮ್ಮದೇ ಹೌದೇ? ಇಲ್ಲ, ಯಾರೋ ನಮ್ಮ ಕೈಗೆ ಇಟ್ಟು, ನಾವು ಮುಂದಿನವರ ಕೈಗೆ ದಾಟಿಸಿದ ಸಾಲದ ಸರಕೇ?

ಇದನ್ನು ಕೇಳಲು ನನಗೆ ಯೋಗ್ಯತೆ ಬಂದದ್ದು ನನ್ನ ತಪ್ಪಿನಿಂದ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಮೇ 7ರಂದು ನಮ್ಮ ಸೇನೆ ಪಾಕಿಸ್ತಾನದ ಒಳಗೆ ದಾಳಿ ಮಾಡಿತು. 10ನೆಯ ತಾರೀಖು ಗುಂಡು ನಿಂತಿತು. ಆ ನಡುವಿನ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದು ವಿಡಿಯೋ ಬಂತು. ರಾತ್ರಿಯ ಆಕಾಶ, ವಿಮಾನ, ಬೆಂಕಿ. ನಾನು ಎರಡು ಸಲ ನೋಡಿ, ಯೂನಿಯನ್ನಿನ ಗುಂಪಿಗೂ ದೇವಾಲಯದ ಯುವಕರ ಗುಂಪಿಗೂ ಕಳಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಅದು ಇಡೀ ಡಿವಿಷನ್ ಸುತ್ತಿತು. ಸುತ್ತುತ್ತಾ ಅದಕ್ಕೆ ಬಾಲ ಬೆಳೆಯಿತು. ನಮ್ಮ ಕೂಡುರಸ್ತೆಯಲ್ಲಿ ಚಹದ ಅಂಗಡಿ ಇಟ್ಟಿರುವ ಮುಸಲ್ಮಾನ ಹಿರಿಯರೊಬ್ಬರು ಅದನ್ನು ನೋಡಿ ನಕ್ಕರಂತೆ ಎಂದು ಯಾರೋ ಸೇರಿಸಿದರು. ಮರುದಿನ ಬೆಳಿಗ್ಗೆ ಮೂವರು ಹುಡುಗರು ಅವರ ಬೆಂಚನ್ನು ಒದ್ದು ಬೀಳಿಸಿದರು. ಎರಡು ದಿನ ಅಂಗಡಿ ತೆರೆಯಲಿಲ್ಲ.

ಆ ವಿಡಿಯೋ ಯಾವ ಯುದ್ಧದ್ದೂ ಅಲ್ಲ, ಕಂಪ್ಯೂಟರಿನಲ್ಲಿ ಆಡುವ ಒಂದು ಆಟದ ದೃಶ್ಯ ಎಂದು ತೋರಿಸಿಕೊಟ್ಟವನು ನಮ್ಮ ಲೈನಿನ ಪ್ಲಸ್ ಟೂ ಓದುವ ಹುಡುಗ. ಆ ದಿನಗಳಲ್ಲಿ ಹೀಗೆ ಆಟದ ದೃಶ್ಯಗಳನ್ನು ನಿಜ ಯುದ್ಧವೆಂದು ಹಂಚಿದ್ದು ಪತ್ರಿಕೆಗಳಲ್ಲೂ ಬಂತು. ಅಂಗಡಿಯವರು ನಕ್ಕರು ಎಂಬುದು ಅದಕ್ಕಿಂತ ದೊಡ್ಡ ಸುಳ್ಳು; ಅವರ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ವಿಡಿಯೋ ಬರುವುದೇ ಇಲ್ಲ. 1998ರಲ್ಲಿ ನಮ್ಮ ಹದಿನೆಂಟು ದಿನದ ಮುಷ್ಕರದಲ್ಲಿ ಸಾಲದ ಪುಸ್ತಕ ತೆಗೆಯದೆ ಚಹ ಕೊಟ್ಟವರು ಅವರೇ. ನಾನು ಹೋಗಿ ಕ್ಷಮೆ ಕೇಳಿದೆ. ಅವರು ಒಂದು ಲೋಟ ಚಹ ಮುಂದಿಟ್ಟರು, ಮಾತಾಡಲಿಲ್ಲ. ಆ ಚಹ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ಮಕ್ಕಳಿಗೆ ಹತ್ತು ಆಜ್ಞೆಗಳನ್ನು ಕಲಿಸುವವನು ನಾನು. ಸುಳ್ಳುಸಾಕ್ಷಿಯ ಆಜ್ಞೆಗೆ ಬಂದಾಗ ಕೋರ್ಟಿನ ಕಟಕಟೆಯ ಉದಾಹರಣೆ ಕೊಡುತ್ತಿದ್ದೆ. ಈಗ ಮೊಬೈಲಿನ ಉದಾಹರಣೆ ಕೊಡುತ್ತೇನೆ. ಕಾನೂನೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮಿನಲ್ಲಿ, ಜನರ ನಡುವೆ ದ್ವೇಷ ಹುಟ್ಟಿಸುವ ಸುಳ್ಳು ಸುದ್ದಿ, ಗಾಳಿಮಾತು ಹಬ್ಬಿಸಿದವರಿಗೆ ಮೂರು ವರ್ಷದವರೆಗೆ ಶಿಕ್ಷೆ ಹೇಳಿದೆ. ಆದರೆ ಪೊಲೀಸರ ಭಯಕ್ಕಾಗಿ ಸತ್ಯ ಹೇಳುವವನು ಪೊಲೀಸರಿಲ್ಲದ ಕಡೆ ಸುಳ್ಳು ಹೇಳುತ್ತಾನೆ. ಆದ್ದರಿಂದ ನಾನು ನನಗೇ ಒಂದು ಕಟ್ಟಳೆ ಮಾಡಿಕೊಂಡೆ. ಯುದ್ಧದ್ದಾಗಲಿ ಗಲಭೆಯದ್ದಾಗಲಿ ಯಾವ ಚಿತ್ರ ಬಂದರೂ ಅದಕ್ಕೆ ಒಂದು ರಾತ್ರಿ ಕಳೆಯಬೇಕು. ಎಲ್ಲಿಯದು, ಯಾವತ್ತಿನದು, ತೆಗೆದವರು ಯಾರು ಎಂಬ ಮೂರಕ್ಕೆ ಉತ್ತರ ಸಿಗಬೇಕು. ಸಿಗದಿದ್ದರೆ ಅದು ನನ್ನಲ್ಲೇ ಸಾಯಬೇಕು.

ಇನ್ನು ಅಧಿಕಾರದ ಮಾತು. ಸರ್ಕಾರದ ವಿಷಯದಲ್ಲಿ ನಮ್ಮ ಲೈನಿನಲ್ಲಿ ಎರಡು ಪಂಗಡ. ಸರ್ಕಾರ ಹೇಳಿದ ಮೇಲೆ ಮುಗಿಯಿತು, ನಾವು ಯಾರು ಕೇಳಲು ಎನ್ನುವವರು ಒಂದು. ಸರ್ಕಾರದವರೆಲ್ಲ ಕಳ್ಳರು, ಏನು ಹೇಳಿದರೂ ನಂಬಬೇಡಿ ಎನ್ನುವವರು ಇನ್ನೊಂದು. ಮೇಲ್ನೋಟಕ್ಕೆ ಇಬ್ಬರೂ ಬದ್ಧ ವಿರೋಧಿಗಳು. ನನಗೆ ಮಾತ್ರ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದಂತೆ ಕಾಣುತ್ತಾರೆ. ಇಬ್ಬರೂ ಆಜ್ಞೆಯ ಕಾಗದವನ್ನು ಓದುವುದಿಲ್ಲ.

ಕಾಗದ ಎಂದರೆ ಏನೆಂದು ತಿಳಿಯಬೇಕಾದರೆ ನಮ್ಮ ನೆರೆಯ ಟಾನ್‌ಟೀ ಲೈನುಗಳಿಗೆ ಹೋಗಿ ವಯಸ್ಸಾದವರನ್ನು ಕೇಳಿರಿ. 1964ರ ಅಕ್ಟೋಬರ್ 30ರಂದು ದಿಲ್ಲಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿಲೋನಿನ ಸಿರಿಮಾವೋ ಬಂಡಾರನಾಯಕೆಯವರೂ ಒಂದು ಒಪ್ಪಂದಕ್ಕೆ ಸಹಿ ಮಾಡಿದರು. 9,75,000 ತೋಟ ಕಾರ್ಮಿಕ ಜನರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಜನರ ಮಾತು ಆಮೇಲೆ ಎಂದು ಬರೆದರು. 1974ರಲ್ಲಿ ಆ ಉಳಿದವರನ್ನೂ ಅರ್ಧ ಅರ್ಧ ಹಂಚಿದರು. ಎಲೆ ಕೀಳುತ್ತಿದ್ದ ಕೈಗಳನ್ನು ಯಾರೂ ಕೇಳಲಿಲ್ಲ. ಹಾಗೆ ಬಂದವರಿಗಾಗಿಯೇ 1968ರಿಂದ ಈ ಬೆಟ್ಟಗಳಲ್ಲಿ ಸರ್ಕಾರಿ ತೋಟ ಬೆಳೆಯಿತು. ಅವರ ಮನೆಯ ಅಜ್ಜಿಯರು ಇಂದಿಗೂ ತಗಡಿನ ಪೆಟ್ಟಿಗೆಯ ತಳದಲ್ಲಿ ಹಳೆಯ ಕಾಗದಗಳನ್ನು ಬಟ್ಟೆ ಸುತ್ತಿ ಇಟ್ಟಿರುತ್ತಾರೆ. ಅಧಿಕಾರ ತಮ್ಮ ಬದುಕನ್ನು ಒಂದು ಕಾಗದದಿಂದ ಎತ್ತಿ ಇಡಬಲ್ಲುದು ಎಂದು ಕಂಡವರು ಅವರು. ಅದಕ್ಕೇ ಕಾಗದವನ್ನು ಕೈಬಿಡುವುದಿಲ್ಲ.

ಇತ್ತೀಚಿನ ಉದಾಹರಣೆ ಹೇಳುತ್ತೇನೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದುವು. ನಮ್ಮನ್ನು ಇಷ್ಟು ಕಾಲ ಕಾಪಾಡಿದ 1951ರ ತೋಟ ಕಾರ್ಮಿಕರ ಕಾಯಿದೆ ಅವುಗಳಲ್ಲಿ ಒಂದರ ಒಳಗೆ ಸೇರಿತು. ಆ ವಾರ ನನ್ನ ಮೊಬೈಲಿಗೆ ಎರಡು ಸಂದೇಶ ಬಂದುವು. ಇನ್ನು ಲೈನುಮನೆಗಳನ್ನು ಖಾಲಿ ಮಾಡಿಸುತ್ತಾರೆ ಎಂದು ಒಂದು. ಇನ್ನು ಎಲ್ಲರಿಗೂ ಎರಡು ಪಟ್ಟು ಕೂಲಿ ಎಂದು ಇನ್ನೊಂದು. ಒಂದರಿಂದ ಹೆಂಗಸರು ಅತ್ತರು, ಇನ್ನೊಂದರಿಂದ ಗಂಡಸರು ಅಂಗಡಿಯಲ್ಲಿ ಸಾಲ ಬರೆಸಿದರು. ಸಂಹಿತೆಯ ಪಠ್ಯದಲ್ಲಿ ಎರಡೂ ಇಲ್ಲ. ತೋಟದ ಕೆಲಸಗಾರರಿಗೆ ಮನೆ, ಕುಡಿಯುವ ನೀರು, ಶಿಶುಗಳ ಕೊಠಡಿ, ಚಿಕಿತ್ಸೆ ಇವುಗಳ ಮಾತು ಅದರಲ್ಲೂ ಇದೆ. ಆದರೆ ಅವು ನಮ್ಮ ಕೈಗೆ ಹೇಗೆ ಬರುತ್ತವೆ ಎಂಬುದು ರಾಜ್ಯ ಸರ್ಕಾರ ಮಾಡುವ ನಿಯಮಗಳ ಮೇಲೆ ನಿಂತಿದೆ. ನಮ್ಮ ಹೋರಾಟ ಇರಬೇಕಾದದ್ದು ಆ ನಿಯಮಗಳ ಹತ್ತಿರ. ಅಳುವುದರಲ್ಲೂ ಇಲ್ಲ, ಸಾಲ ಬರೆಸುವುದರಲ್ಲೂ ಇಲ್ಲ.

ಕಾಗದ ಕೇಳುವುದು ಸೊಕ್ಕು ಎಂದು ಯಾರೂ ತಿಳಿಯಬಾರದು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಾಶ್ಮೀರದ ಇಂಟರ್‌ನೆಟ್ ನಿಲ್ಲಿಸಿದ ಮೊಕದ್ದಮೆಯಲ್ಲಿ, ಅಂಥ ಆಜ್ಞೆಗಳನ್ನು ಸರ್ಕಾರ ಪ್ರಕಟಿಸಲೇಬೇಕು, ಕೊನೆಯಿಲ್ಲದ ಕಾಲ ನಿಲ್ಲಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ದೇಶದ ಭದ್ರತೆಯ ಆಜ್ಞೆಯನ್ನೇ ತೋರಿಸಿ ಎನ್ನಬಹುದಾದರೆ, ಪಂಚಾಯಿತಿಯ ನೀರಿನ ಆಜ್ಞೆಯನ್ನು ತೋರಿಸಿ ಎಂದು ನಾವು ವಿನಯದಿಂದ ಕೇಳಬಾರದೇ? 2005ರ ಮಾಹಿತಿ ಹಕ್ಕಿನ ಕಾಯಿದೆಯ ಪ್ರಕಾರ ಅರ್ಜಿ ಕೊಟ್ಟರೆ 30 ದಿನದಲ್ಲಿ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ಹಾಗೆ ಬಂದ ಉತ್ತರ ಕೈಯಲ್ಲಿದ್ದರೆ ಅಭಿಪ್ರಾಯಕ್ಕೆ ಬೆನ್ನೆಲುಬು ಬರುತ್ತದೆ.

ಮೂರನೆಯ ಮಾತು ಮನೆಯೊಳಗಿನದು. ಯುದ್ಧ, ಸರ್ಕಾರ ಎಂದು ಹೇಳುತ್ತಿದ್ದವನು ಹಾಡು, ಫೋಟೋಗಳಿಗೆ ಬಂದನಲ್ಲ ಎಂದು ನಗಬೇಡಿರಿ. ವಿಷಯ ಒಂದೇ ಎಂದು ಆಮೇಲೆ ಕಾಣುತ್ತದೆ.

ನನ್ನ ತಂದೆಯ ಬಳಿ ಒಂದು ರೇಡಿಯೋ ಇತ್ತು. ಅದನ್ನು ಇಟ್ಟುಕೊಳ್ಳಲು ಆ ಕಾಲದಲ್ಲಿ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಿತ್ತು. ಆ ಪುಸ್ತಕ ನಮ್ಮ ಪೆಟ್ಟಿಗೆಯಲ್ಲಿ ಇನ್ನೂ ಇದೆ. ನಾನು ಹುಡುಗನಾಗಿದ್ದಾಗ ಟೇಪ್ ರೆಕಾರ್ಡರ್ ಬಂತು. ಕ್ರಿಸ್ಮಸ್ ಭಜನೆ, ಅಣ್ಣನ ಮದುವೆಯ ಸೋಬಾನೆ, ಅಜ್ಜ ಹೇಳಿದ ಗುಂಡ್ಲುಪೇಟೆ ಕಡೆಯ ಕಥೆ ಇವೆಲ್ಲ ಕ್ಯಾಸೆಟ್ಟಿನಲ್ಲಿ ತುಂಬಿದೆವು. ಮೂವತ್ತೈದು ವರ್ಷವಾಯಿತು. ಒಂದೆರಡಕ್ಕೆ ಬೂಷ್ಟು ಹಿಡಿದರೂ ಉಳಿದವು ಹಾಡುತ್ತವೆ.

ನನ್ನ ತಾಯಿಯ ಹಾಡುಗಳು ಮಾತ್ರ ಇಲ್ಲ. ಅವರು ತೀರಿಹೋಗುವ ಹಿಂದಿನ ವರ್ಷ, ನಾಟಿಯ ಪದ, ರಾಗಿ ಬೀಸುವ ಪದ, ತೊಟ್ಟಿಲ ಪದ ಎಂದು ಇಪ್ಪತ್ತಕ್ಕೂ ಹೆಚ್ಚು ಹಾಡುಗಳನ್ನು ನಾನು ಮೊಬೈಲಿನಲ್ಲಿ ಹಿಡಿದಿದ್ದೆ. ಎಲ್ಲ ತಾನಾಗಿಯೇ ಕಂಪನಿಯ ದೂರದ ಕಂಪ್ಯೂಟರಿಗೆ ಹೋಗಿ ಭದ್ರವಾಗಿರುತ್ತದೆ ಎಂದು ಮಗ ಹೇಳಿದ್ದ. ಜೂನ್ ತಿಂಗಳ ಮಳೆಯಲ್ಲಿ ಆ ಮೊಬೈಲು ನೀರು ಕುಡಿದು ಸತ್ತಿತು. ಹೊಸ ಮೊಬೈಲಿನಲ್ಲಿ ಕಂಪನಿಯ ಬಾಗಿಲು ತಟ್ಟಿದರೆ, ಹಳೆಯ ನಂಬರಿಗೆ ಕಳಿಸಿದ ಗುಪ್ತಸಂಖ್ಯೆ ಹೇಳು ಎಂದಿತು. ಹಳೆಯ ನಂಬರು ತಿಂಗಳುಗಟ್ಟಲೆ ರೀಚಾರ್ಜ್ ಮಾಡದೆ ಬಿಟ್ಟದ್ದರಿಂದ ರದ್ದಾಗಿ ಬೇರೆ ಯಾರಿಗೋ ಹೋಗಿತ್ತು. ಮೇಲ್ಮನವಿ ಕೊಡಲು ಮನುಷ್ಯರೇ ಇಲ್ಲ. ನನ್ನ ತಾಯಿಯ ದನಿ ಎಲ್ಲೋ ಇದೆ, ಹಾಳಾಗಿಲ್ಲ. ಆದರೆ ನಾನು ಅವರ ಮಗ ಎಂದು ನಂಬುವವರು ಅಲ್ಲಿ ಯಾರೂ ಇಲ್ಲ.

ಇದು ನನ್ನಂಥ ಅರೆಓದಿನವನಿಗೆ ಮಾತ್ರ ಆಗುವುದೆಂದು ತಿಳಿಯಬೇಡಿರಿ. 2009ರಲ್ಲಿ ಅಮೆಜಾನ್ ಕಂಪನಿ, ಮಾರಾಟದ ಹಕ್ಕಿನ ತಕರಾರು ಬಂತೆಂದು, ಗಿರಾಕಿಗಳು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ಲರ ಪುಸ್ತಕಗಳನ್ನು ಅವರ ಕೈಯಲ್ಲಿದ್ದ ಯಂತ್ರಗಳಿಂದಲೇ ದೂರದಿಂದ ಅಳಿಸಿತು. ಆಮೇಲೆ ಕ್ಷಮೆ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿದ್ಯುನ್ಮಾನ ಪುಸ್ತಕದ ಅಂಗಡಿ ಮುಚ್ಚಿದಾಗ, ಹಣ ಹಿಂದಿರುಗಿಸಿತು ನಿಜ, ಆದರೆ ಕೊಂಡ ಪುಸ್ತಕಗಳು ತೆರೆಯದಾದುವು. ಕೊಳ್ಳಿ ಎಂದು ಬರೆದಿದ್ದರೂ ಅದು ಬಾಡಿಗೆಯೇ. ಲೈನುಮನೆಯಲ್ಲಿ ಹುಟ್ಟಿ ಲೈನುಮನೆಯಲ್ಲಿ ಸಾಯುವ ನಮಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು.

ಈಗ ನಮ್ಮ ಮನೆಯಲ್ಲಿ ಒಂದು ಪೆಟ್ಟಿಗೆ ಇದೆ. ಶಾಲೆಯವರು ಬೇಡವೆಂದು ಹರಾಜು ಹಾಕಿದ ಹಳೆಯ ಸಣ್ಣ ಕಂಪ್ಯೂಟರು, ಅದಕ್ಕೆ ಒಂದು ಟೆರಾಬೈಟಿನ ಡಿಸ್ಕು. ಅದೇ ಪ್ಲಸ್ ಟೂ ಹುಡುಗ ಜೆಲ್ಲಿಫಿನ್ ಎಂಬ ತಂತ್ರಾಂಶ ಹಾಕಿಕೊಟ್ಟ. 2018ರ ಕೊನೆಯಲ್ಲಿ, ಅದುವರೆಗೆ ಎಲ್ಲರಿಗೂ ತೆರೆದಿದ್ದ ಒಂದು ತಂತ್ರಾಂಶವನ್ನು ಅದರ ಒಡೆಯರು ಮುಚ್ಚಿಕೊಂಡಾಗ, ಸ್ವಯಂಸೇವಕರು ಸೇರಿ ಬೇರೆಯಾಗಿ ನಡೆಸಿಕೊಂಡು ಬಂದದ್ದು ಇದು, ಕಾಸು ಕೊಡಬೇಕಾಗಿಲ್ಲ. ಕ್ಯಾಸೆಟ್ಟುಗಳನ್ನೆಲ್ಲ ಅದರೊಳಗೆ ಇಳಿಸಿದೆವು. ಒಂದು ಹಾಡಿಗೆ 5 ಮೆಗಾಬೈಟ್ ಎಂದರೆ ಎರಡು ಲಕ್ಷ ಹಾಡು ಹಿಡಿಯುವ ಜಾಗ. ಮನೆಯ ವೈಫೈ ಹಿಡಿದರೆ ಸಾಕು, ಅಕ್ಕಪಕ್ಕದ ಮನೆಯವರ ಮೊಬೈಲಿನಲ್ಲೂ ಹಾಡು ಕೇಳುತ್ತದೆ, ಫೋಟೋ ಕಾಣುತ್ತದೆ. ಹೊರಗಿನ ಇಂಟರ್‌ನೆಟ್ ಬೇಡ. ಮಳೆಗಾಲದಲ್ಲಿ ಟವರ್ ಸತ್ತು ಮೂರು ದಿನ ಮೊಬೈಲು ಮೂಕವಾದಾಗಲೂ ವಿದ್ಯುತ್ತು ಇದ್ದ ಹೊತ್ತೆಲ್ಲ ಅಜ್ಜ ನಮ್ಮ ಲೈನಿನಲ್ಲಿ ಕಥೆ ಹೇಳುತ್ತಿದ್ದರು.

ಇದಕ್ಕೆ ಬಂದ ಆಕ್ಷೇಪಣೆಗಳಿಗೂ ಉತ್ತರ ಹೇಳಬೇಕು. ಕರೆಂಟು ಬಿಲ್ಲು ಎಂದರು ಹೆಂಗಸರು. ಇಂಥ ಸಣ್ಣ ಪೆಟ್ಟಿಗೆ ಡಿಸ್ಕು ಸೇರಿ 10 ವ್ಯಾಟ್ ತಿಂದರೆ, ಹಗಲೂ ರಾತ್ರಿ ಉರಿದರೂ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಹುಡುಗರು ಅದರಲ್ಲಿ ಹೊಸ ಸಿನಿಮಾ ಕದ್ದು ತುಂಬಿಸುತ್ತಾರೆ ಎಂದರು ಗುರುಗಳು. ಅವರ ಮಾತು ಸರಿ. ಬೇರೆಯವರ ಶ್ರಮವನ್ನು ಕೂಲಿ ಕೊಡದೆ ತಿನ್ನುವುದನ್ನು ನಾವು ವಿರೋಧಿಸುವವರು. ಹಾಗಿದ್ದ ಮೇಲೆ ಹಾಡುಗಾರನ, ಸಿನಿಮಾ ಕೆಲಸಗಾರನ ಕೂಲಿಯನ್ನು ನಾವು ಕದಿಯಬಾರದು. ನಾವು ಹಾಡಿದ್ದು, ನಾವು ತೆಗೆದದ್ದು, ನಾವು ಹಣ ಕೊಟ್ಟು ತಂದದ್ದು ಇಷ್ಟೇ ಅದರಲ್ಲಿ ಇರಬೇಕು. ಡಿಸ್ಕು ಕೆಟ್ಟರೆ ಎಂದು ಕೇಳಿದನು ನನ್ನ ಮಗ. ಕೆಡುತ್ತದೆ, ಖಂಡಿತ ಕೆಡುತ್ತದೆ, ಅದರಲ್ಲೂ ನಮ್ಮ ಬೆಟ್ಟದ ತೇವದಲ್ಲಿ. ಆದ್ದರಿಂದ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ತೆಗೆದು ಗುಂಡ್ಲುಪೇಟೆಯ ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ. ವರ್ಷಕ್ಕೆರಡು ಸಲ ಹೋಗಿ ಹೊಸದನ್ನು ಸೇರಿಸಿ ಬರುತ್ತೇನೆ.

ಎರಡನೆಯ ಮನೆ ಯಾಕೆ ಎಂಬುದನ್ನು ವಯನಾಡಿನವರಿಗೆ ಹೇಳಬೇಕಾಗಿಲ್ಲ. 2024ರ ಜುಲೈ 30ರ ರಾತ್ರಿ ಮುಂಡಕ್ಕೈ, ಚೂರಲ್‌ಮಲದಲ್ಲಿ ಬೆಟ್ಟ ಜಾರಿ 200ಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ನಮ್ಮಂತೆಯೇ ತೋಟದ ಪಾಡಿಗಳಲ್ಲಿ ಇದ್ದವರು ಅನೇಕರು. ಉಳಿದವರಿಗೆ ಕಾರ್ಡು, ಪ್ರಮಾಣಪತ್ರಗಳನ್ನು ಸರ್ಕಾರ ಶಿಬಿರ ನಡೆಸಿ ಮತ್ತೆ ಮಾಡಿಕೊಟ್ಟಿತು. ಅದು ಒಳ್ಳೆಯ ಕೆಲಸ. ಆದರೆ ಹೋದ ಮಗುವಿನ ಫೋಟೋವನ್ನು, ದನಿಯನ್ನು ಯಾವ ಸರ್ಕಾರದ ಶಿಬಿರವೂ ಮತ್ತೆ ಮಾಡಿಕೊಡಲಾರದು.

ನಮಗೆ ಇನ್ನೊಂದು ಕಾರಣವೂ ಇದೆ. ನಮ್ಮ ಮಕ್ಕಳು ಈ ಕಡೆ ತಮಿಳಿನಲ್ಲಿ, ಆ ಕಡೆ ಮಲಯಾಳದಲ್ಲಿ ಓದುತ್ತಾರೆ. ಅದು ತಪ್ಪಲ್ಲ; ಅನ್ನದ ಭಾಷೆ ಕಲಿಯಲೇಬೇಕು. ಆದರೆ ನಮ್ಮ ತಾಯಂದಿರು ಹಾಡಿದ ಕನ್ನಡವನ್ನು ಬೆಂಗಳೂರಿನ ಸಿನಿಮಾದಲ್ಲಿ ಹುಡುಕಿದರೆ ಸಿಗದು. ಅದು ಇರುವುದು ಈ ಲೈನುಗಳಲ್ಲಿ ಉಳಿದಿರುವ ಕೆಲವು ಮುದುಕಿಯರ ಬಾಯಲ್ಲಿ. ಅದನ್ನು ಹಿಡಿದಿಡಲು ಯಾವ ಕಂಪನಿಗೂ ಲಾಭವಿಲ್ಲ, ಯಾವ ಇಲಾಖೆಗೂ ನೆನಪಿಲ್ಲ.

ಯುದ್ಧದ ಸುದ್ದಿ, ಸರ್ಕಾರದ ಆಜ್ಞೆ, ಮನೆಯ ಹಾಡು ಮೂರೂ ಇಂದು ಒಂದೇ ಮೊಬೈಲಿನಲ್ಲಿ ನಮ್ಮ ಕೈಗೆ ಬರುತ್ತವೆ. ಕೈಯಲ್ಲಿದೆ ಎಂದ ಮಾತ್ರಕ್ಕೆ ಅವು ನಮ್ಮವಾಗುವುದಿಲ್ಲ. ವಿಚಾರಿಸಿದ ಮೇಲೆ ಸುದ್ದಿ ನಮ್ಮದಾಗುತ್ತದೆ, ಓದಿದ ಮೇಲೆ ಆಜ್ಞೆ ನಮಗೆ ತಿಳಿಯುತ್ತದೆ, ನಮ್ಮ ಮನೆಯಲ್ಲಿ ಪ್ರತಿ ಇಟ್ಟ ಮೇಲೆ ಹಾಡು ಉಳಿಯುತ್ತದೆ. ಮೂರಕ್ಕೂ ಸ್ವಲ್ಪ ಶ್ರಮ ಬೇಕು. ದಿನಕ್ಕೆ ಎಂಟು ಗಂಟೆ ಇಳಿಜಾರಿನಲ್ಲಿ ನಿಂತು ಎಲೆ ಕೀಳುವ ಜನ ಶ್ರಮಕ್ಕೆ ಹೆದರಬೇಕಾಗಿಲ್ಲ.

ಆದ್ದರಿಂದ ನಮ್ಮ ಕೂಟದ ಮುಂದೆ ಮೂರು ಸಲಹೆ ಇಡುತ್ತೇನೆ. ಯೂನಿಯನ್ನಿನ ಮೊಬೈಲು ಗುಂಪಿನಲ್ಲಿ ಯುದ್ಧ, ಗಲಭೆಯ ಚಿತ್ರಗಳಿಗೆ ಒಂದು ರಾತ್ರಿಯ ತಡೆ ಇರಲಿ. ಪ್ರತಿ ಡಿವಿಷನ್ನಿನಲ್ಲಿ ಒಬ್ಬರು, ಸರ್ಕಾರದ ಹಾಗೂ ತೋಟದ ಆಜ್ಞೆಗಳ ಪ್ರತಿಯನ್ನು ಒಂದು ಫೈಲಿನಲ್ಲಿ ಇಟ್ಟು ಭಾನುವಾರ ಆರಾಧನೆಯ ನಂತರ ಕನ್ನಡದಲ್ಲಿ ಓದಿ ಹೇಳಲಿ. ಮೂರನೆಯದಾಗಿ, ನಮ್ಮ ಓದುವ ಕೊಠಡಿಯಲ್ಲಿ ಎಲ್ಲರಿಗೂ ಸೇರಿದ ಒಂದು ಹಾಡಿನ ಪೆಟ್ಟಿಗೆ ಇರಲಿ. ಮನೆಗೆ ಇಷ್ಟು ಎಂದು ಹಾಕಿದರೆ ಡಿಸ್ಕಿನ ಹಣ ಕೂಡುತ್ತದೆ.

ನಿಮ್ಮ ಲೈನಿನಲ್ಲಿ ಹಾಡು ಬಲ್ಲ ಅಜ್ಜಿ ಇದ್ದರೆ ಈ ವಾರವೇ ಹೇಳಿ ಕಳಿಸಿರಿ. ಮಳೆ ಹಿಡಿಯುವ ಮೊದಲು ನಾನೂ ಆ ಹುಡುಗನೂ ಬರುತ್ತೇವೆ. ಬರುವ ದಾರಿಯಲ್ಲಿ ಕೂಡುರಸ್ತೆಯ ಅಂಗಡಿಯಲ್ಲಿ ಚಹ ಕುಡಿದೇ ಬರುತ್ತೇವೆ. ಈಗ ಅವರು ನನ್ನೊಂದಿಗೆ ಮಾತಾಡುತ್ತಾರೆ.